ದೂರವಿರಿ ಎಂದ ಬೆಡ್‌ಶೀಟ್

ನಮ್ಮ ಭಾವ ಯುದ್ಧನೌಕೆಯಲ್ಲಿ ಅಡುಗೆಯವರು. ಬಂದೂಕು ಮುಟ್ಟಿದವರಲ್ಲ, ಆದರೂ ಜಂಬಕ್ಕೇನೂ ಕಡಿಮೆಯಿಲ್ಲ. ಆ ನೌಕೆ ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ ಕಾದಾಡಲೆಂದೇ ಕಟ್ಟಿದ್ದು. ಶತ್ರುವಿನ ರೇಡಾರಿಗೆ ಕಾಣಬಾರದೆಂದು ಅದರ ಗೋಡೆಗಳನ್ನೆಲ್ಲ ಓರೆಯಾಗಿ ಮಾಡಿದ್ದಾರಂತೆ. ನಮ್ಮ ಅಕ್ಕನ ತಾರಸಿಯಿಂದ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ಭಾವನಿಗೆ ಒಂದು ಕೆಟ್ಟ ಚಾಳಿ. ಮನೆಗೆ ಬಂದರೂ ಪಾತ್ರೆಗಳ ಮುಚ್ಚಳ ತೆಗೆದು ತಪಾಸಣೆ ಮಾಡುವುದು. ಹೋದ ಸಲ ನೆಂಟರೆದುರೇ, "ಇದನ್ನ ನಮ್ಮ ಹಡಗಲ್ಲಿ ಬಡಿಸಿದ್ರೆ ದಂಗೆ ಏಳ್ತಾರೆ" ಅಂದುಬಿಟ್ಟರು. ಬೇಕಿತ್ತಾ ಇದು? ಅಕ್ಕ ಮಾತು ಬಿಟ್ಟಳು. ಬೈದಿದ್ದರೆ ಸರಿಹೋಗುತ್ತಿತ್ತು, ಅವಳು ಬೈಯಲೂ ಇಲ್ಲ. ಮಾರನೆಯ ದಿನವೇ ಭಾವ ಸಮರಾಭ್ಯಾಸಕ್ಕೆ ಹೊರಟರು. ಅಲ್ಲಿ ಎಲ್ಲರ ಫೋನೂ ಕಸಿದಿಟ್ಟರು.

ಮುಂದಿನದನ್ನು ಭಾವನೇ ಹೇಳಿದ್ದು. ಅಭ್ಯಾಸವೆಂದರೆ ಅಕ್ಕನ ಮನೆಯೆದುರಿನ ಸಮುದ್ರದಲ್ಲೇ ಅತ್ತಿಂದಿತ್ತ ಓಡಾಟ. ಮನೆ ಕಣ್ಣೆದುರೇ ಇದೆ, ಹೆಂಡತಿಯ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ. ತಡೆಯಲಾರದೆ, ಬಾವುಟದ ಭಾಷೆ ಬಲ್ಲ ಸಿಗ್ನಲ್‌ನವನ ಕಾಲು ಹಿಡಿದರು. "ದುರ್ಬೀನಲ್ಲಿ ಒಂಚೂರು ನೋಡಪ್ಪ, ನಮ್ಮನೆಯವಳು ಇನ್ನೂ ಕೋಪದಲ್ಲಿದ್ದಾಳಾ?"

ಅವನು ನೋಡಿದ. ತಾರಸಿಯ ಹಗ್ಗದ ಮೇಲೆ ಹಳದಿ, ನೀಲಿ, ಹಳದಿ ಪಟ್ಟೆಯ ಬೆಡ್‌ಶೀಟ್. ಅವನ ಮುಖ ಸಪ್ಪಗಾಯಿತು. "ಅಣ್ಣ, ಹಡಗಿನ ಬಾವುಟದಲ್ಲಿ ಈ ಪಟ್ಟೆಗೆ 'ನನ್ನಿಂದ ದೂರವಿರಿ, ತಿರುಗಲು ನನಗೆ ಕಷ್ಟ' ಅಂತ ಅರ್ಥ."

ಬಟ್ಟೆ ಒಣಹಾಕಿದ್ದಾರೆ ಅಂತ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ! ಊಹೂಂ. ಭಾವ ಆ ದಿನ ಇಡೀ ಹಡಗಿನ ಅನ್ನ ಸೀಯಿಸಿದರು. ಕ್ಯಾಪ್ಟನ್ನೇ ಮೂಗು ಮುಚ್ಚಿಕೊಂಡು ಅಡುಗೆಕೋಣೆಗೆ ಇಳಿದು ಬಂದರಂತೆ.

ಅಭ್ಯಾಸ ಮುಗಿದ ಸಂಜೆ ನೋಡಿದರೆ, ಭಾವ ಬ್ಯಾಗು ಹಿಡಿದು ಗೇಟಿನಾಚೆಯೇ ನಿಂತಿದ್ದಾರೆ. ಒಳಗೆ ಬನ್ನಿ ಅಂದರೆ ತಲೆ ಅಲ್ಲಾಡಿಸುತ್ತಾರೆ.

"ನಿಮ್ಮಕ್ಕನೇ ದೂರ ಇರಿ ಅಂದಿದ್ದಾಳೆ. ತಿರುಗೋದು ಕಷ್ಟವಂತೆ."

ಅಕ್ಕ ದಡದಡನೆ ಹೊರಬಂದಳು. "ನಾನೆಲ್ರೀ ಅಂದೆ? ನಿಮ್ಮ ಹತ್ರ ಮಾತೇ ಬಿಟ್ಟಿದ್ದೀನಿ!"

"ಬೆಡ್‌ಶೀಟಲ್ಲಿ ಅಂದ್ಯಲ್ಲ!"

ಅಲ್ಲಿಗೆ ಅಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. ಬುದ್ಧಿ ಇದೆಯೇನ್ರೀ, ನೆಂಟರೆದುರು ನನ್ನ ಮಾನ ಕಳೆದ್ರಿ, ಈಗ ಬೆಡ್‌ಶೀಟಿನ ಮೇಲೆ ಗೂಬೆ ಕೂರಿಸ್ತೀರಾ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಅಕ್ಕಪಕ್ಕದವರು ಕಿಟಕಿ ತೆರೆದರು. ಭಾವ ಒಂದೊಂದು ಬೈಗುಳಕ್ಕೂ ಒಂದೊಂದು ಹೆಜ್ಜೆ ಒಳಗೆ ಬಂದರು. ಬಾಗಿಲು ತಲುಪುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಇನ್ನೂ ಬೈಯಿ ಕಣೇ, ಬೈಯಿ" ಅನ್ನುತ್ತಿದ್ದರು.