ಟಿ.ವಿ. ಆರಿಸಿಕೊಟ್ಟ ಸಿಸ್ಟರಕ್ಕ

ಸಿಸ್ಟರಕ್ಕನ ಎದೆಯ ಮೇಲೆ ಒಂದು ಪುಟ್ಟ ಗಡಿಯಾರ ತಲೆಕೆಳಗಾಗಿ ತೂಗುತ್ತಿತ್ತು. ನರ್ಸುಗಳು ಸಮವಸ್ತ್ರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುವಂಥದ್ದು. ಅವರು ಡ್ಯೂಟಿ ಮುಗಿಸಿ ಬಂದು ಚೂಡಿದಾರ ಹಾಕಿಕೊಂಡರೆ ಗಡಿಯಾರವೂ ಚೂಡಿದಾರಕ್ಕೆ ಬರುತ್ತಿತ್ತು. ಮೀನಿಗೆ ಹೊರಟರೂ ಅದು ಬೇಕು, ಚರ್ಚಿಗೆ ಹೊರಟರೂ ಬೇಕು. ಎದುರು ನಿಂತವರಿಗೆ ಅದು ಉಲ್ಟಾ. ಸಿಸ್ಟರಕ್ಕ ತಲೆ ತಗ್ಗಿಸಿ ನೋಡಿದರೆ ಮಾತ್ರ ನೆಟ್ಟಗೆ.

ಗಲ್ಫ್‌ನಲ್ಲಿ, ಸಲ್ವಾದ ನಮ್ಮ ಕಟ್ಟಡದಲ್ಲಿ ಅವರದು ಎದುರು ಬಾಗಿಲು. ಶಿರ್ವದ ಕಡೆಯವರು, ಕೊಂಕಣಿ ಮನೆಮಾತು, ದೊಡ್ಡಾಸ್ಪತ್ರೆಯಲ್ಲಿ ಹಳೆಯ ನರ್ಸು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ನಾವು ಉಳ್ಳಾಲದ ಬ್ಯಾರಿ ಮುಸ್ಲಿಮರು, ಬರಿದೇ ಸಿಸ್ಟರ್ ಎಂದು ಕರೆಯಲು ನಾಲಗೆ ಒಪ್ಪದೆ ಕೊನೆಗೊಂದು ಅಕ್ಕ ಸೇರಿಸಿದೆವು. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಬ್ಯಾರಿ’ ಎಂದೇ. ಬೇರೆಯವರ ಬಾಯಲ್ಲಾದರೆ ನಾನು ತಿರುಗಿ ಎರಡು ಮಾತು ಹೇಳುತ್ತಿದ್ದೆ. ಅವರ ಬಾಯಲ್ಲಿ ಅದು ನನಗೊಂದು ಬಿರುದಿನಂತಿತ್ತು.

ಚೌಕಾಶಿಯಲ್ಲಿ ನನ್ನನ್ನು ಮೀರಿಸುವವರು ಕಡಿಮೆ ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆ. ಸುಲೈಬಿಯಾದ ತರಕಾರಿ ಗೋಡೌನಿನಲ್ಲಿ ಮೂಟೆ ಇಳಿಸಿ ಶುರುಮಾಡಿದವನು ನಾನು. ಅಲ್ಲಿಂದ, ವೀಸಾ ಕೊಟ್ಟ ಅರಬಿ ಕಫೀಲನ ಹೆಸರಿನಲ್ಲಿ ಒಂದು ಬಕಾಲಾ, ಅಂದರೆ ದಿನಸಿ ಅಂಗಡಿ, ನಡೆಸುವಷ್ಟಕ್ಕೆ ಬಂದದ್ದು ಬಾಯಿಯ ಬಲದಿಂದಲೇ. ಸಿಸ್ಟರಕ್ಕನ ದಾರಿ ಬೇರೆ. ಅಂಗಡಿಯವನು ಬೆಲೆ ಹೇಳಿದ ಮೇಲೆ ಅವರು ಬಾಯಿ ಬಿಡುತ್ತಿರಲಿಲ್ಲ. ಎದೆಯ ಗಡಿಯಾರವನ್ನು ಬೆರಳಲ್ಲಿ ಎತ್ತಿ ಸುಮ್ಮನೆ ನೋಡುತ್ತಿದ್ದರು. ಗಿರಾಕಿ ಹೊರಟೇಬಿಟ್ಟಳು ಎಂದುಕೊಂಡು ಅವನೇ ಇಳಿಯುತ್ತಿದ್ದ. ಇನ್ನೊಮ್ಮೆ ನೋಡುತ್ತಿದ್ದರು, ಇನ್ನಷ್ಟು ಇಳಿಯುತ್ತಿದ್ದ. ನಾನು ಗಂಟಲು ಒಣಗಿಸಿಕೊಂಡು ಗಿಟ್ಟಿಸುವುದನ್ನು ಅವರು ತುಟಿ ಹೊಲಿದುಕೊಂಡು ಗಿಟ್ಟಿಸುತ್ತಿದ್ದರು.

ನನ್ನ ಮಗಳಿಗೆ ಆ ಗಡಿಯಾರವೆಂದರೆ ಪ್ರಾಣ. ಆಗಷ್ಟೇ ಗಂಟೆ ನೋಡಲು ಕಲಿತಿದ್ದಳು. ಸಂಜೆ ಸಿಸ್ಟರಕ್ಕ ಬಂದ ಸದ್ದು ಕೇಳಿದರೆ ಓಡಿಹೋಗಿ ಅವರ ಎದೆಗೆ ಮುಖ ಹಚ್ಚಿ, ಉಲ್ಟಾ ಮುಳ್ಳುಗಳನ್ನು ಓದಿ ಗಂಟೆ ಹೇಳುತ್ತಿದ್ದಳು. ಅವರು ಒಂದು ಮಿಠಾಯಿ ಕೊಡುತ್ತಿದ್ದರು.

ಅದೇ ಮಗಳ ಬಗ್ಗೆ ಆ ವರ್ಷ ಶಾಲೆಯಿಂದ ದೂರು ಬರತೊಡಗಿತು. ಬೋರ್ಡಿನ ಮೇಲಿರುವುದೊಂದು, ಇವಳು ಬರೆದುಕೊಳ್ಳುವುದು ಇನ್ನೊಂದು. ಗಮನವಿಲ್ಲ, ಕನಸು ಕಾಣುತ್ತಾಳೆ, ಇಲ್ಲಿನ ಸಿಲಬಸ್ ಇವಳಿಗೆ ಭಾರವೇನೋ ಎಂದರು ಟೀಚರು. ನಾನು ಹೆಂಡತಿಗೆ ಹೇಳಿದೆ, ಬೇಸಿಗೆ ರಜೆಯಲ್ಲಿ ನೀವಿಬ್ಬರೂ ಊರಿಗೆ ಹೋಗಿ, ಅಲ್ಲಿಯ ಶಾಲೆಗೆ ಸೇರಿಸುವ, ನಾನು ಬ್ಯಾಚುಲರ್ ರೂಮಿಗೆ ಹೋಗುತ್ತೇನೆ. ಅವಳು ಬೇಡವೆನ್ನಲಿಲ್ಲ. ಆದರೆ ಆ ದಿನದಿಂದ ಮನೆಯಲ್ಲಿ ನನಗೆ ಕೇಳಿದ್ದಕ್ಕಷ್ಟೇ ಉತ್ತರ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ನನಗೆ ಫ್ಯಾಮಿಲಿ ವೀಸಾ ಸಿಕ್ಕಿತ್ತು. ಒಂದು ಸಲ ಊರಿಗೆ ಕಳಿಸಿದ ಹೆಂಡತಿ ಮಕ್ಕಳು ಮತ್ತೆ ಬಂದ ಮನೆಗಳು ಕಡಿಮೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಟಿ.ವಿ. ಕೆಟ್ಟದ್ದು ಅದೇ ಹೊತ್ತಿಗೆ. ಕೆಟ್ಟದ್ದು ಎಂದರೆ ಪೂರ್ತಿ ಅಲ್ಲ. ಹಿಂದೆ ಗೂನು ಇರುವ ಹಳೆಯ ಡಬ್ಬ, ಬಣ್ಣ ಸ್ವಲ್ಪ ಬಿಳಿಚಿತ್ತು. ಮಗಳು ಅದಕ್ಕೆ ಮೂಗು ತಾಗಿಸಿಯೇ ಕೂರುತ್ತಿದ್ದಳು. ಎಷ್ಟು ಹಿಂದೆ ಎಳೆದು ಕೂರಿಸಿದರೂ ಮತ್ತೆ ಅಲ್ಲಿಗೇ. ಯಾಕೆಂದು ಕೇಳಿದರೆ, “ನಾಟ್ ಕ್ಲಿಯರ್, ಉಪ್ಪಾ.” ಟಿ.ವಿ. ಮುದಿಯಾಯಿತು, ಬದಲಾಯಿಸುವ ಎಂದು ತೀರ್ಮಾನಿಸಿದೆ. ದಪ್ಪ ಟಿ.ವಿ.ಗಳು ಹೋಗಿ ತೆಳ್ಳಗಿನವು ಬರುತ್ತಿದ್ದ ಕಾಲ ಅದು. ಹೇಗೂ ಇವರು ಊರಿಗೆ ಹೋಗುವವರು, ದೊಡ್ಡದನ್ನೇ ತೆಗೆದರೆ ಕಾರ್ಗೋದಲ್ಲಿ ಜೊತೆಗೇ ಹೋಗುತ್ತದೆ ಎಂಬುದು ನನ್ನ ಲೆಕ್ಕ.

ಇದು ನಮ್ಮ ಗಲ್ಫ್‌ನವರ ಕಾಯಿಲೆ. ಬದುಕುವುದು ಇಲ್ಲಿ, ಸಾಮಾನು ಕೊಳ್ಳುವುದು ಊರಿನ ಅಳತೆಗೆ. ನಮ್ಮವರ ಯಾರ ಮನೆಗೆ ಹೋದರೂ ಕಪಾಟಿನ ಮೇಲೆ ಕಣ್ಣಾಡಿಸಿ. ಮಿಕ್ಸಿಯ ಖಾಲಿ ಪೆಟ್ಟಿಗೆ, ಓವನ್ನಿನ ಖಾಲಿ ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಸಮೇತ ಕಾಯುತ್ತಿರುತ್ತವೆ, ಹೊರಡುವ ದಿನಕ್ಕೆ. ಸಿಸ್ಟರಕ್ಕನ ಕಪಾಟಿನ ಮೇಲೆ ಮಾತ್ರ ಏನೂ ಇರುತ್ತಿರಲಿಲ್ಲ, ಒರೆಸಿದ ಮರ ಬಿಟ್ಟರೆ.

ರಜೆಯ ಶುಕ್ರವಾರ ರಾಯ್ ಪೇಟೆಯ ಟಿ.ವಿ. ಶೋರೂಮಿಗೆ ಹೊರಟಾಗ ಅವರೂ ಬಂದರು. ಹೊರಡುವ ಮೊದಲು ನಮ್ಮ ಸೋಫಾದಿಂದ ಗೋಡೆಯವರೆಗೆ ತಮ್ಮ ಚೂಡಿದಾರದ ವೇಲ್ ಹಿಡಿದು ಅಳೆದರು.

“ಅದೆಂತಕ್ಕೆ ಅಕ್ಕ? ಇದು ಊರಲ್ಲಿ ಕಟ್ಟುತ್ತಿರುವ ಮನೆಯ ಚಾವಡಿಗೆ. ಅಲ್ಲಿ ಗೋಡೆ ಭಾರೀ ದೊಡ್ಡದುಂಟು.”

“ಗೋಡೆಗೆ ಸಾರಣೆ ಆಯಿತಾ?”

“ಇಲ್ಲ. ಇನ್ನು ಆಗಬೇಕಷ್ಟೆ.”

“ಸಾರಣೆ ಆಗದ ಗೋಡೆಗೆ ಟಿ.ವಿ. ತೆಗೆಯುವ ಬ್ಯಾರಿಯನ್ನು ನಾನು ಇವತ್ತೇ ನೋಡಿದ್ದು ಮಾರಾಯ,” ಎಂದರು. ಹೆಂಡತಿ ಎಷ್ಟೋ ದಿನಗಳ ಮೇಲೆ ನಕ್ಕಳು.

ಶೋರೂಮಿನಲ್ಲಿ ಗೋಡೆ ತುಂಬ ಟಿ.ವಿ., ಎಲ್ಲದರಲ್ಲೂ ಒಂದೇ ಹಣ್ಣಿನ ಬುಟ್ಟಿ, ಒಂದೇ ಗಿಳಿ. ಒಂದು ಮಾತು ಹೇಳುತ್ತೇನೆ, ಕೊಳ್ಳುವವರು ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಅವರು ಬೆಳಕನ್ನು ಪೂರ್ತಿ ಏರಿಸಿಟ್ಟಿರುತ್ತಾರೆ, ಗಿಳಿ ಹಾರಿ ಹೆಗಲ ಮೇಲೆ ಕೂರುವಂತೆ ಕಾಣುತ್ತದೆ. ಅದಕ್ಕೆ ಮರುಳಾಗಬೇಡಿ. ಮನೆಯಲ್ಲಿ ನೋಡುವಷ್ಟಕ್ಕೆ ಇಳಿಸಲು ಹೇಳಿ, ಮನೆಯಲ್ಲಿ ಕೂರುವಷ್ಟು ದೂರದಿಂದ ನೋಡಿ. ಇದು ನನ್ನ ಬುದ್ಧಿಯಲ್ಲ, ಸಿಸ್ಟರಕ್ಕ ಅಂದು ಮಾಡಿಸಿದ್ದು. ವೇಲ್ ಹಿಡಿದು ಅಳೆದು, ಅಷ್ಟು ದೂರಕ್ಕೆ ಸ್ಟೂಲುಗಳನ್ನು ಹಾಕಿಸಿ, ನಮ್ಮನ್ನೆಲ್ಲ ಕೂರಿಸಿದರು. ಸೇಲ್ಸ್‌ಮನ್ ಹಿಂದಿಯವನು. “ಸಿನಿಮಾ ಶುರು ಮಾಡ್ಲಾ ಸಿಸ್ಟರ್?” ಎಂದು ಅವನ ಭಾಷೆಯಲ್ಲಿ ನಗಾಡಿದ.

ಮಗಳು ಎದ್ದುಹೋಗಿ ಎಲ್ಲಕ್ಕಿಂತ ದೊಡ್ಡ ಟಿ.ವಿ.ಯ ಮುಂದೆ ನಿಂತಳು. ಮೂಗು ತಾಗುವಷ್ಟು ಹತ್ತಿರ.

“ಇಲ್ಲಿ ಬಾ ಪುಟ್ಟಿ, ಇಲ್ಲಿಂದ ನೋಡು.”

“ನೋ ಆಂಟಿ, ಹಿಯರ್ ಈಸ್ ಬೆಟರ್.”

ಸಿಸ್ಟರಕ್ಕ ಸ್ವಲ್ಪ ಹೊತ್ತು ಅವಳ ಬೆನ್ನನ್ನೇ ನೋಡಿದರು. ಆಮೇಲೆ ಅವರ ಕೈ ಎದೆಯ ಗಡಿಯಾರಕ್ಕೆ ಹೋಯಿತು. ಶುರುವಾಯಿತು ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಸೇಲ್ಸ್‌ಮನ್ನನಿಗೂ ಹಾಗೇ ಅನಿಸಿರಬೇಕು, ನಾವು ಕೇಳದೆಯೇ ಬೆಲೆಯನ್ನು ಒಂದು ಮೆಟ್ಟಿಲು ಇಳಿಸಿದ. ಸಿಸ್ಟರಕ್ಕನಿಗೆ ಅದು ಕೇಳಿಸಲೇ ಇಲ್ಲ. ಗಡಿಯಾರವನ್ನು ಪಿನ್ನಿನಿಂದ ಬಿಡಿಸಿ, ನೆಟ್ಟಗೆ ಹಿಡಿದು, ಕುಳಿತಲ್ಲಿಂದಲೇ ಮಗಳಿಗೆ ತೋರಿಸಿದರು.

“ಗಂಟೆ ಎಷ್ಟು ಹೇಳು.”

ಮಗಳು ಎರಡು ಹೆಜ್ಜೆ ಮುಂದೆ ಬಂದಳು.

“ಅಲ್ಲಿಂದಲೇ ಹೇಳಬೇಕು.”

ಅವಳು ಕಣ್ಣು ಕಿರಿದು ಮಾಡಿ ಏನೋ ಒಂದು ಹೇಳಿದಳು. ತಪ್ಪು. ಅವಳ ಪಕ್ಕದಲ್ಲೇ ನಿಂತು ನನ್ನ ಹೆಂಡತಿ ಸುಲಭವಾಗಿ ಓದಿದಳು. ಅಂಗಡಿಯ ಆ ತುದಿಯಲ್ಲಿ ತೂಗುಹಾಕಿದ್ದ ಸೇಲ್ ಬೋರ್ಡಿನ ಅಕ್ಷರ ಓದಲು ಹೇಳಿದರು. ಒಂದೊಂದು ಅಕ್ಷರ ಒಂದು ಗೇಣುದ್ದ. ಅವಳು ಕತ್ತು ಮುಂದೆ ಚಾಚಿದಳು, ಒಂದೂ ಸಿಗಲಿಲ್ಲ.

“ಮನೆಯ ಟಿ.ವಿ. ಮಸುಕು ಕಾಣ್ತದಾ ಪುಟ್ಟಿ?”

“ಆಲ್ ಟಿ.ವಿ. ಈಸ್ ಲೈಕ್ ದಟ್ ಓನ್ಲಿ, ಆಂಟಿ,” ಎಂದಳು, ಇದೆಂಥ ಪ್ರಶ್ನೆ ಎಂಬಂತೆ. “ಬೋರ್ಡ್ ಆಲ್ಸೋ.”

ಹೆಂಡತಿ ನನ್ನ ಮುಖ ನೋಡಿದಳು. ತಲೆಯೊಳಗೆ ಏನಾದರೂ ಬೆಳೆದಿದೆಯೋ, ಕಣ್ಣೇ ಹೋಗುತ್ತದೆಯೋ ಎಂದು ನನ್ನ ಯೋಚನೆ ಎಲ್ಲೆಲ್ಲಿಗೋ ಓಡಿತು. ಸಿಸ್ಟರಕ್ಕ ಗಡಿಯಾರವನ್ನು ಮತ್ತೆ ಸಿಕ್ಕಿಸಿಕೊಳ್ಳುತ್ತ ಸೇಲ್ಸ್‌ಮನ್ನನಿಗೆ, “ನೀನು ಈಗ ಹೇಳಿದ ಬೆಲೆ ನೆನಪಿಟ್ಟುಕೋ ಭಾಯ್, ನಾವು ಬರ್ತೇವೆ,” ಎಂದು ಹಿಂದಿಯಲ್ಲಿ ಹೇಳಿ ನಮ್ಮನ್ನು ಎಬ್ಬಿಸಿದರು. ಅಂದರೆ ಅದೂ ಕೇಳಿಸಿತ್ತು!

ಅವರ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಮಗಳನ್ನು ಅವರೇ ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ. ಕೈಯಲ್ಲಿದ್ದ ಟೋಕನ್ ಚೀಟಿಯನ್ನು ನಾನು ಮಡಚಿ ಮಡಚಿ ಉಗುರಿನಷ್ಟು ಮಾಡಿದೆ. ಬಾಗಿಲು ತೆರೆದಾಗ ಮೊದಲು ಕಂಡದ್ದು ಆ ತಲೆಕೆಳಗಿನ ಗಡಿಯಾರ.

“ಕನ್ನಡಕ ಬೇಕು, ಅಷ್ಟೇ. ಬೇರೆ ಎಂತದೂ ಇಲ್ಲ. ಖಲಾಸ್.”

ಹೆಂಡತಿ ಅವರ ಕೈಹಿಡಿದು ಅತ್ತಳು. “ಅಳುವುದೆಂತಕ್ಕೆ? ಈ ಬ್ಯಾರಿಯ ಹತ್ತಿರ ಹೇಳು, ಕನ್ನಡಕದಂಗಡಿಯಲ್ಲಿಯೂ ರೇಟಿಗೆ ಚರ್ಚೆ ಮಾಡ್ಲಿಕ್ಕುಂಟು,” ಎಂದರು. ನಾನು ಮಾಡಿದೆ. ಆದರೆ ಅಂದಿನಷ್ಟು ಬೇಗ ನಾನು ಯಾವ ಅಂಗಡಿಯಲ್ಲೂ ಸೋತದ್ದಿಲ್ಲ, ಸೋತು ಅಷ್ಟು ಹಗುರಾದದ್ದೂ ಇಲ್ಲ.

ಕನ್ನಡಕ ಬಂದ ಸಂಜೆ ಸಿಸ್ಟರಕ್ಕ ಲಿಫ್ಟಿನಿಂದ ಇಳಿದರು. ಮಗಳು ಓಡಲಿಲ್ಲ. ನಮ್ಮ ಹೊಸ್ತಿಲಲ್ಲೇ ನಿಂತು, ಕಾರಿಡಾರಿನ ಆ ತುದಿಗೆ ಕೂಗಿ ಗಂಟೆ ಹೇಳಿದಳು. ಉಲ್ಟಾ ಮುಳ್ಳು, ಸರಿಯಾದ ಗಂಟೆ. ಸಿಸ್ಟರಕ್ಕ ಕೈಯ ಚೀಲ ಕೆಳಗಿಟ್ಟು ಮಿಠಾಯಿ ಹುಡುಕತೊಡಗಿದರು. ಅದು ಸಿಗಲು ಬಹಳ ಹೊತ್ತು ಹಿಡಿಯಿತು.

ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಶಾಲೆಯ ದೂರುಗಳೂ ನಿಂತವು. ಟಿ.ವಿ. ತರಲು ಮತ್ತೆ ರಾಯ್‌ಗೆ ಹೋದೆವು. ವೇಲ್‌ನ ಅಳತೆಗೆ ಹೊಂದುವ ನಡುಗಾತ್ರದ್ದು, ಹಿಂದಿನ ವರ್ಷದ ಮಾಡೆಲ್. ಹೊಸದು ಬಂದ ಮೇಲೆ ಹಳೆಯದರ ಬೆಲೆ ಬೀಳುತ್ತದೆ, ಚಿತ್ರ ಬೀಳುವುದಿಲ್ಲ. ಇದು ನನ್ನ ಸ್ವಂತ ಬುದ್ಧಿ, ಬರೆದಿಟ್ಟುಕೊಳ್ಳಿ. ಗೋಡೆಗೆ ತೂಗುಹಾಕುವ ಸ್ಟ್ಯಾಂಡನ್ನು ಪುಕ್ಕಟೆ ಹಾಕಿಸಿಕೊಂಡೆ. ಬಿಚ್ಚಿ ತೋರಿಸಿದ ಟಿ.ವಿ.ಯ ಖಾಲಿ ಪೆಟ್ಟಿಗೆಯನ್ನೂ ವ್ಯಾನಿಗೆ ಏರಿಸಲು ಹೋದಾಗ ಸಿಸ್ಟರಕ್ಕ ತಡೆದರು. “ಅದು ಅಂಗಡಿಯಲ್ಲೇ ಇರಲಿ. ಇಲ್ಲಿರುವಷ್ಟು ದಿನ ಇಲ್ಲಿ ಇರಿ.” ಒಳ್ಳೆಯ ಗಟ್ಟಿ ಪೆಟ್ಟಿಗೆ ಅಕ್ಕ ಎಂದು ಏನೋ ಹೇಳಹೊರಟೆ. ಅವರು ಗಡಿಯಾರ ಎತ್ತಿ ನೋಡಿದರು. ನಾನು ಪೆಟ್ಟಿಗೆ ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಕೆಲಸದಿಂದ ನಿವೃತ್ತರಾಗಿ ಅವರು ಶಿರ್ವಕ್ಕೆ ಹೋದರು, ಎರಡೇ ಸೂಟ್‌ಕೇಸಿನೊಂದಿಗೆ. ಮೂರು ಮಳೆಗಾಲ ಕಳೆದ ಮೇಲೆ ತೀರಿಕೊಂಡ ಸುದ್ದಿ ಬಂತು. ಕಾಲೇಜಿಗೆ ಹೋಗುತ್ತಿದ್ದ ಮಗಳು ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು.

ಈಗಲೂ ನಮ್ಮವರು ಟಿ.ವಿ. ಕೊಳ್ಳಲು ಹೊರಟರೆ ನನ್ನನ್ನು ಕರೆಯುತ್ತಾರೆ, ಬೆಲೆ ಇಳಿಸುತ್ತೇನೆಂದು. ಬರುತ್ತೇನೆ, ಆದರೆ ಮಕ್ಕಳನ್ನೂ ಕರೆತನ್ನಿ ಎನ್ನುತ್ತೇನೆ. ಮಕ್ಕಳೆಂತಕ್ಕೆ, ಗಲಾಟೆ ಎನ್ನುತ್ತಾರೆ. ಬೇಕು ಎನ್ನುತ್ತೇನೆ. ಸ್ಟೂಲು ಹಾಕಿಸಿ ಎಲ್ಲರನ್ನೂ ದೂರ ಕೂರಿಸುತ್ತೇನೆ. ಅವರೆಲ್ಲ ಟಿ.ವಿ. ನೋಡುತ್ತಾರೆ. ನಾನು ಮಕ್ಕಳನ್ನು ನೋಡುತ್ತೇನೆ.