ಅಂಕಲ್ ಬಂಕನ್ನು ನಾನೇ ಅಳಿಸಿದೆ

ಗೆಳೆಯರೇ, ಇವತ್ತು ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ನನ್ನ ಆಟದಲ್ಲಿ ನಮ್ಮೂರ ಹತ್ತಿರದ ಪುಟ್ಟ ಏರ್‌ಪೋರ್ಟೂ ಇದೆ. ಅದನ್ನು ತಿದ್ದಿ ತಿದ್ದಿ ಅಸಲಿನಂತೆ ಮಾಡುವ ಹುಚ್ಚು ನನಗೆ. ಹೊಸ ಸ್ಯಾಟಲೈಟ್ ಚಿತ್ರದಲ್ಲಿ ಹ್ಯಾಂಗರ್ ಪಕ್ಕದ ಪೆಟ್ರೋಲ್ ಬಂಕ್ ಕಾಣಲಿಲ್ಲ. ಬೆಳಿಗ್ಗೆ ಅದನ್ನು ಅಳಿಸಿ, ಚಿತ್ರದಲ್ಲಿದ್ದಂತೆ ಆಚೆ ತುದಿಯಲ್ಲಿ ಹೊಸದನ್ನು ಇಟ್ಟೆ.

ಮಧ್ಯಾಹ್ನ ಶ್ರೀಧರ್ ಅಂಕಲ್ ಬಂದರು. ಇಲ್ಲೇ ನಮ್ಮೂರು ತಕಾನಿನಿಯಲ್ಲಿ, ನಮ್ಮ ಹಿಂದಿನ ಬೀದಿಯವರು. ಅದೇ ಏರ್‌ಪೋರ್ಟಿನಲ್ಲಿ ಇಪ್ಪತ್ತು ವರ್ಷ ವಿಮಾನಗಳಿಗೆ ಪೆಟ್ರೋಲ್ ತುಂಬಿಸಿ ರಿಟೈರ್ ಆದವರು. ಪ್ರತಿ ಶನಿವಾರ ಬಂದು ಆಟದಲ್ಲಿ ವಿಮಾನ ಇಳಿಸಿ, ನೇರ ತಮ್ಮ ಬಂಕಿಗೆ ಓಡಿಸುತ್ತಾರೆ. "ಮೊದ್ಲು ಕಿಡಿ ಹಾರ್ದಂಗೆ ಅರ್ತ್ ವೈರ್ ಹಾಕ್ಬೇಕಪ್ಪಾ, ಆಮೇಲೇ ಪೈಪು" ಅನ್ನುತ್ತಾರೆ. ಆಟದಲ್ಲಿ ವೈರೇ ಇಲ್ಲ.

ಇವತ್ತು ಅಲ್ಲಿ ಬರೀ ಹುಲ್ಲು.

"ನನ್ ಬಂಕ್ ಎಲ್ಲಪ್ಪಾ?"

"ಅದನ್ನ ನಿಜವಾಗ್ಲೂ ಕಿತ್ತಾಕಿದಾರೆ ಅಂಕಲ್. ಅದಕ್ಕೇ ಸರಿ ಮಾಡ್ದೆ," ಎಂದೆ, ಹೆಮ್ಮೆಯಿಂದ.

"ಕಿತ್ತಾಕಿದ್ದು ನಂಗೊತ್ತಿಲ್ವಾ? ಅದಕ್ಕೇ ಅಲ್ವೇನಪ್ಪಾ ನಾನು ನಿಮ್ಮನೆಗೆ ಬರ್ತಿದ್ದಿದ್ದು!"

ಕಾಫಿ ಅರ್ಧಕ್ಕೇ ಬಿಟ್ಟು ಹೊರಟುಹೋದರು.

ಬಂಕನ್ನು ವಾಪಸ್ ಇಡಲು ಎರಡೇ ನಿಮಿಷ ಸಾಕಾಯಿತು. ಅಂಕಲ್‌ಗೆ ಫೋನ್ ಮಾಡಲು ಮಾತ್ರ ಸಂಜೆಯಿಂದ ಧೈರ್ಯ ಸಾಲುತ್ತಿಲ್ಲ.