ಕೆಳಗಿನಿಂದ ಮೇಲಕ್ಕೆ ಓದಿಸಿದ ಪಟ್ಟಿ

ಸುಳ್ಳು ಸೀಟಿಗೆ ಪೇಢಾ ಹಂಚಿದವಳು ನಾನು. ಒಂದೆರಡು ಮನೆಗಲ್ಲ, ಶಹಾಬಾದಿನ ನಮ್ಮ ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಮಾತು ಬಿಟ್ಟು ವರ್ಷಗಳಾದವರ ಹೊಸ್ತಿಲನ್ನೂ ತುಳಿದು, ಒಬ್ಬೊಬ್ಬರ ಬಾಯಿಗೂ ನನ್ನ ಕೈಯಿಂದಲೇ ಇಟ್ಟು ಬಂದೆ. "ಮೊಮ್ಮಗಳು ಇಂಜಿನಿಯರ್ ಆಗಲಿಕತ್ತಾಳ, ಬಾಯಿ ತೆರಿ" ಎಂದೆ. ಸಕ್ಕರೆ ಕಾಯಿಲೆಯವರನ್ನೂ ಬಿಡಲಿಲ್ಲ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಲ್ಲು ಒಡೆದವರಿದ್ದಾರೆ, ಕಲ್ಲು ಹೊತ್ತವರಿದ್ದಾರೆ. ಎಲ್ಲಿ ಒಡೆಯಬೇಕು, ಎಲ್ಲಿ ಬಿಡಬೇಕು ಎಂದು ಕಾಗದದ ಮೇಲೆ ಗೆರೆ ಎಳೆದವರು ಒಬ್ಬರೂ ಇಲ್ಲ.

ಮಗ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕಡೆ ಕೆಲಸ ಮಾಡುತ್ತಾನೆ. ಅಲ್ಲಿಂದಲೇ ಫೋನ್ ಮಾಡಿ, "ಯವ್ವಾ, ಸೀಟು ಬಂದದ, ಮೆಸೇಜು ನನ್ನ ಫೋನಿಗೇ ಬಂದದ" ಎಂದಿದ್ದ. ಯಾವ ಸೀಟು, ಏನು, ಎತ್ತ ಎಂದು ಕೇಳುವ ವ್ಯವಧಾನ ಯಾರಿಗಿತ್ತು? ಖಾಲಿ ಡಬ್ಬಿ ಹಿಡಿದು ಮನೆಗೆ ಬಂದಾಗ ಮೊಮ್ಮಗಳು ತನ್ನ ಅವ್ವನ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಳು. ಹತ್ತು ದಿನ ಜ್ವರದಲ್ಲಿ ಬೆಂದು ಆಗಷ್ಟೇ ಎದ್ದು ಕೂತವಳು.

"ಆಯಿ, ಎಷ್ಟು ಮನಿಗಿ ಹಂಚಿದಿ?"

"ಎಲ್ಲಾರಿಗೂ. ಯಾಕ?"

"ಇದು ಖರೇ ಸೀಟಲ್ಲ. ಇದು ತಾಲೀಮು. ಯಾವುದು ಸಿಗಬಹುದು ಅಂತ ಮದಲ ತೋರಸ್ತಾರ. ಖರೇದು ಇನ್ನ ಮುಂದ ಅದ."

"ಇರಲಿ ಬಿಡು. ತಾಲೀಮಿನಾಗ ಬಂದದ್ದು ಖರೇದ್ರಾಗೂ ಬರ್ತದ."

"ಅದೇ ಅಂಜಿಕಿ ಆಯಿ. ಬಂದದ್ದು ಕಂಪ್ಯೂಟರ್. ನಾ ಅದನ್ನ ಎಲ್ಲಾಕ್ಕಿಂತ ಕಡೀಕ ಬರದಿದ್ದೆ. ಮದಲಿಗಿ ಹೆಂಗ ಹೋಯ್ತು?"

ಅದು ಮೊದಲಿಗೆ ಹೇಗೆ ಹೋಯಿತು ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅವಳಿಗೆ ಬೇಕಾದದ್ದು ಗಣಿ ಇಂಜಿನಿಯರಿಂಗ್. ಅದು ಒಂದು ದಿನದಲ್ಲಿ ಹುಟ್ಟಿದ ಆಸೆಯಲ್ಲ. ಹುಟ್ಟಿದ ದಿನ ಮಾತ್ರ ನನಗೆ ನೆನಪಿದೆ. ಹತ್ತನೆಯ ತರಗತಿಯಲ್ಲಿದ್ದಾಗ ಭಂಕೂರ ಕಡೆಯ ಕಲ್ಲಿನ ಖಣಿಗೆ ನನಗೆ ಬುತ್ತಿ ತಂದಿದ್ದಳು. ನಾವೆಲ್ಲ ಮೇಲೆ ಬಂದು ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿದ್ದೆವು. ಬೆಳಗಿನಿಂದ ನಾವು ಕೂತು ಕೆಲಸ ಮಾಡಿದ ಜಾಗದ ಮೇಲೆ ಖಣಿಯ ಗೋಡೆಯ ಒಂದು ಮಗ್ಗುಲು ಜಾರಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ನಾವು ದೇವರಿಗೆ ಕೈಮುಗಿದು ರೊಟ್ಟಿ ಮುಂದುವರಿಸಿದೆವು. ಅವಳು ಅಂಚಿಗೆ ಹೋಗಿ ನಿಂತು, "ಇಷ್ಟು ನೆಟ್ಟಗ ಕೊರೀರಿ ಅಂತ ಯಾರು ಹೇಳಿದ್ರು?" ಎಂದು ಕೇಳಿದಳು.

ಮೇಸ್ತ್ರಿ ನಕ್ಕ. "ಕಲ್ಲು ಎಲ್ಲಿ ಅದ ಅಲ್ಲಿ ಕೊರೀತೀವಿ. ಯಾರು ಹೇಳಬೇಕು?"

"ಮೆಟ್ಲ ಮಾಡ್ಕೋತ ಕೊರದ್ರ ಬೀಳಾಂಗಿಲ್ಲಲ್ಲ?"

"ಮೆಟ್ಲ ಮಾಡ್ಲಿಕ ಇದೇನು ನಿಮ್ಮ ಮುತ್ಯಾನ ಬಾವಿ ಏನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕು ಅನಿಸುತ್ತದೆ.

ಆಮೇಲೆ ಚಿತ್ತಾಪುರದ ಕಾಲೇಜಿನಲ್ಲಿ ವಿಜ್ಞಾನ ಓದುತ್ತ ಅವಳು ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ನಾಲ್ಕು ವರ್ಷ ಕಾಲೇಜು. ಆಮೇಲೆ ಸೇಡಂ, ಮಳಖೇಡದ ಕಡೆ ಸುಣ್ಣಕಲ್ಲು ತೆಗೆಯುವ ದೊಡ್ಡ ಗಣಿಗಳಲ್ಲಿ ಕೈ ಪಳಗಿಸುವುದು. ಆಮೇಲೆ ಗಣಿ ಮ್ಯಾನೇಜರ್ ಆಗುವ ಪರೀಕ್ಷೆ. "ಆ ಸರ್ಟಿಫಿಕೇಟು ಇದ್ದೋರು ನಿಲ್ಲಸ್ರಿ ಅಂದ್ರ ಮಾಲಕನೂ ನಿಲ್ಲಸಬೇಕು, ಆಯಿ" ಎಂದಿದ್ದಳು. ನಲವತ್ತು ವರ್ಷ ಖಣಿಗೆ ಇಳಿದಿದ್ದೇನೆ. ಹೊಡಿ, ಹೊರು, ಎತ್ತು, ಲಗೂನ ಮಾಡು ಎಂಬ ಮಾತುಗಳನ್ನು ಕೇಳಿದ್ದೇನೆ. ನಿಲ್ಲಿಸು ಎಂದವರನ್ನು ಕಂಡಿಲ್ಲ. ನನ್ನ ಮೊಮ್ಮಗಳು ಆ ಮಾತು ಆಡುತ್ತಾಳೆ ಎಂದು ಅವತ್ತಿನಿಂದ ನನ್ನ ಎದೆ ಒಂದು ಗೇಣು ಹೆಚ್ಚೇ ಉಬ್ಬಿತ್ತು.

ಸೀಟಿಗಾಗಿ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಮಲಗಿಕೊಂಡೇ ಒಂದು ಹಾಳೆಯಲ್ಲಿ ಎಂಟು ಸಾಲು ಬರೆದಳು. ಮೇಲೆ ಗಣಿ, ಅದರ ಕೆಳಗೆ ಕಟ್ಟಡ, ಹೀಗೆ ಇಳಿದು ಎಲ್ಲಕ್ಕಿಂತ ಕೆಳಗೆ, ಅಪ್ಪನ ಬಾಯಿ ಮುಚ್ಚಿಸಲು, ಕಂಪ್ಯೂಟರ್. ಸಾಲುಗಳಿಗೆ ಒಂದು, ಎರಡು ಎಂದು ಅಂಕಿ ಹಾಕಲಿಲ್ಲ. ಫೋನಿನ ಸಣ್ಣ ಪರದೆಯಲ್ಲಿ ತಪ್ಪಾದೀತು ಎಂದು ಸ್ಟೇಷನ್ ಹಿಂದಿನ ಇಂಟರ್‌ನೆಟ್ ಅಂಗಡಿಗೆ ಹೋಗಲು ನನಗೆ ಹೇಳಿದಳು. ತಪ್ಪಾಗದಿರಲಿ ಎಂದು ನನ್ನನ್ನು ಕಳಿಸಿದಳು, ನೋಡಿ!

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಅದಕ್ಕಿಂತ ಹೆಚ್ಚು ಕಲಿತದ್ದು ಲಾರಿ ತುಂಬುವಲ್ಲಿ. ನೆಲಕ್ಕೆ ಹಾಸುವ ನಮ್ಮ ಪರ್ಸಿ ಕಲ್ಲು ಒಂದೇ ಲಾರಿಯಲ್ಲಿ ನಾಲ್ಕೈದು ಊರಿಗೆ ಹೋಗುತ್ತದೆ. ಮೊದಲು ಇಳಿಯಬೇಕಾದ ಮಾಲನ್ನು ಕೊನೆಗೆ ಹೇರಬೇಕು, ಇಲ್ಲದಿದ್ದರೆ ಮೊದಲ ಊರಿನಲ್ಲೇ ಇಡೀ ಲಾರಿ ಇಳಿಸಬೇಕಾಗುತ್ತದೆ. ಲೆಕ್ಕ ಬರೆಯುವ ಮುನಶಿ ಚೀಟಿಯಲ್ಲಿ ಮೊದಲ ಊರನ್ನು ಮೇಲೆ ಬರೆಯುತ್ತಾನೆ. ಹೇರುವವರು ಕೆಳಗಿನಿಂದ ಓದುತ್ತಾರೆ. ಮೇಲಿನಿಂದ ಓದಿದವಳನ್ನು ದಡ್ಡಿ ಎನ್ನುತ್ತಿದ್ದೆವು.

ಅಂಗಡಿಯವನು ಹಾಳೆ ನೋಡಿ, "ಹೇಳ್ರಿ ಅಮ್ಮಾ, ಒಂದೊಂದ ಒಳಗ ಹಾಕ್ತೀನಿ" ಎಂದ. ನಾನು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟೆ.

"ಇಲ್ಲಿಂದ ಹಾಕು. ಕೆಳಗಿಂದ ಮ್ಯಾಲ ಹೋಗು."

"ಕೆಳಗಿಂದನ?"

"ಹೌದೋ. ಬೇಕಾದ್ದು ಮದಲ ಕೈಗಿ ಬರಬೇಕಂದ್ರ ಅದನ್ನ ಕಡೀಕ ಹಾಕಬೇಕು. ನೀ ಎಂದರ ಲಾರಿ ತುಂಬೀಯೇನು?"

"ನಿಮ್ಮ ಮಾಲು, ನಿಮ್ಮ ಮಾತು" ಎಂದು ಅವನು ಟಕಟಕ ಒತ್ತಿದ. ಮಗನಿಗೆ ಫೋನ್ ಮಾಡಿ ಓಟಿಪಿ ಕೇಳಿದ; ಮಗ ಒಂದೇ ಉಸಿರಿಗೆ ಹೇಳಿದ. ನಾನು ಬಹಳ ಶಾಣ್ಯಾಳ ಹಾಗೆ ತಲೆಯೆತ್ತಿ ಮನೆಗೆ ಬಂದೆ.

ಇದನ್ನೆಲ್ಲ ಮೊಮ್ಮಗಳ ಎದುರು ಒಪ್ಪಿಕೊಂಡೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ನಾಳಿ ಸಂಜೀತನ ಬದಲಿ ಮಾಡಬಹುದು ಆಯಿ. ಅಪ್ಪನ ಫೋನಿಗಿ ಮತ್ತ ಓಟಿಪಿ ಬರ್ತದ, ಅಷ್ಟು ಹೇಳಿದ್ರ ಸಾಕು" ಎಂದಳು. ಖರೇ ಸೀಟು ಕಂಪ್ಯೂಟರಿಗೆ ಬಿದ್ದರೆ ಪಟ್ಟಿಯಲ್ಲಿ ಅದರ ಕೆಳಗಿದ್ದ ಗಣಿಯ ದಾರಿ ಮುಚ್ಚಿಹೋಗುತ್ತದೆ ಎಂದೂ ಹೇಳಿದಳು.

ಫೋನ್ ಮಾಡಿ ಕೇಳಿದರೆ ಅವಳ ಅಪ್ಪ ಹೇಳಲಿಲ್ಲ. "ತಪ್ಪಲ್ಲ ಯವ್ವಾ, ನಿನ್ನ ಕೈಲಿಂದ ದೇವರೇ ಸರಿ ಮಾಡ್ಸ್ಯಾನ" ಎಂದು ಫೋನ್ ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಎರಡು ಪಾಳಿ ಅದ ಎಂದು ಹೆಂಡತಿಗೆ ಹೇಳಿ ಮನೆಗೂ ಬರಲಿಲ್ಲ. ನನ್ನ ತಪ್ಪಿಗೆ ದೇವರ ಹೆಸರು ಇಟ್ಟನಲ್ಲ, ಆಗ ನನ್ನ ಮೈಯೆಲ್ಲ ಉರಿಯಿತು. ನಾನು ದೇವರ ಕೈ ಅಲ್ಲ, ಲಾರಿ ತುಂಬುವ ಕೈ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ವಾಡಿಗೆ ಹೊರಟೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಇಂಟರ್‌ನೆಟ್ ಅಂಗಡಿಯವನು ಕಸ ಹೊಡೆಯುತ್ತಿದ್ದ. ಬಿಡಲಾಗಲಿಲ್ಲ.

"ಊರ ಮಕ್ಕಳದ್ದೆಲ್ಲ ತುಂಬತಿ, ಒಬ್ಬ ಮುದುಕಿ ಉಲ್ಟಾ ಹೇಳಿದ್ರ ಬ್ಯಾಡ ಅನ್ನಲಿಕ ಬಾಯಿ ಇಲ್ಲೇನು ನಿನಗ?"

"ಅಮ್ಮಾ, ನಾ ಕೇಳೀನಿ. ಲಾರಿ ತುಂಬೀಯೇನು ಅಂತ ನೀವೇ ನನ್ನ ಬಾಯಿ ಮುಚ್ಚಿಸಿದ್ರಿ."

ಖರೇ, ಅಂದಿದ್ದೆ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಕಾರ್ಖಾನೆಯ ಗೇಟಿನ ಎದುರಿನ ಚಹಾದ ಅಂಗಡಿಯಲ್ಲಿ ಕೂತೆವು. ಒಳಗೆ ಹೇಳಿ ಕಳಿಸಿದೆ. ಮಗ ಹೊರಗೆ ಬಂದ. ಹುಬ್ಬಿನ ಮೇಲೆ, ಕಿವಿಯ ಮೇಲೆ ಸಿಮೆಂಟು. ಬಂದವನೇ ನನ್ನ ಮೇಲೆ ಹರಿಹಾಯ್ದ.

"ಜ್ವರದಾಗ ಅಕಿನ್ನ ಯಾಕ ಕರಕೊಂಡು ಬಂದಿ?"

"ಫೋನ್ ಎತ್ತಿದ್ರ ಬರ್ತಿದ್ದಿಲ್ಲ. ಓಟಿಪಿ ಹೇಳು, ಹೋಗ್ತೀವಿ."

"ಯವ್ವಾ, ಕಂಪ್ಯೂಟರಿಗಿ ಮಂದಿ ಸಾಯಲಿಕತ್ತಾರ. ನಮ್ಮ ಕೈಗಿ ತಾನಾಗೇ ಬಂದದ. ಥಂಡ ಖೋಲಿ, ಕುರ್ಚಿ, ಧೂಳಿಲ್ಲ. ನಾ ಧೂಳು ಕುಡದು ಓದಿಸೀನಿ, ಮತ್ತ ಧೂಳಿಗೇ ದೂಡಲೇನು?"

"ಧೂಳು ಕುಡದಾಂವ ನೀ ಒಬ್ಬನ ಏನೋ? ನಿನ್ನ ಹೊಟ್ಯಾಗ ಇಟ್ಕೊಂಡು ಖಣಿಗಿ ಇಳದೀನಿ. ಹುಟ್ಟೂಕಿಂತ ಮದಲೇ ಕುಡಿಸೀನಿ ನಿನಗ."

ಚಹಾ ಕುಡಿಯುತ್ತಿದ್ದವರು ನಕ್ಕರು. "ಖರೇ ಹೇಳ್ಯಾಳಪ್ಪೋ ಆಯಿ" ಎಂದ ಒಬ್ಬ. "ನೀ ನಿನ್ನ ಚಹಾ ಕುಡಿ" ಎಂದು ಅವನಿಗೂ ಒಂದು ಬಿಟ್ಟೆ. ಅವತ್ತು ನಾನು ಯಾರನ್ನೂ ಉಳಿಸುವವಳಾಗಿರಲಿಲ್ಲ.

ಮೊಮ್ಮಗಳು ಆಗ ಕೇಳಿದಳು. "ಅಪ್ಪಾ, ನೀ ಚೀಲ ತುಂಬೂ ಮಷಿನಿನ ಪೈಪು ಒಡದ್ರ ಯಾರು ಬಂದ್ ಮಾಡ್ತಾರ?"

"ಇಂಜಿನಿಯರ್ ಸಾಹೇಬ್ರು."

"ನಿನಗ ಬಟನ್ ಗೊತ್ತಿಲ್ಲೇನು?"

"ಗೊತ್ತಿಲ್ದೇನು, ಕಣ್ಣು ಮುಚ್ಚಿ ಒತ್ತತೀನಿ. ಆದ್ರ ಒತ್ತಂಗಿಲ್ಲ. ಕೇಳಬೇಕು."

"ಕೇಳೂತನ ಏನ್ ಮಾಡ್ತಿ?"

"ನಿಂದ್ರತೀನಿ."

"ಧೂಳಿನಾಗ?"

ಅವನು ಹುಬ್ಬಿನ ಮೇಲಿನ ಸಿಮೆಂಟು ಒರೆಸಿಕೊಂಡ. "ನನಗ ಕೇಳಿ ನಿಂದ್ರೂದು ಬ್ಯಾಡಪ್ಪಾ. ಬಂದ್ ಮಾಡೂದು ಬೇಕು" ಎಂದು ಅವಳು ಅವ್ವನ ಫೋನಿನಲ್ಲಿ ಒತ್ತಿದಳು. ಅವನ ಜೇಬಿನಲ್ಲಿ ಫೋನು ಗುಂಯ್ ಎಂದಿತು.

ಅವನು ತೆಗೆದು ನೋಡಿದ. ನೋಡಿ, ಅಂಗೈಯಿಂದ ಮುಚ್ಚಿದ. ನನಗೆ ತಡೆಯಲಾಗಲಿಲ್ಲ, ಬಾಗಿ ಕಸಿದುಕೊಂಡೆ. ಅಂಕಿ ನನಗೆ ಓದಲು ಬರುತ್ತದೆ, ಆದರೆ ಸೆರಗಿನ ಗಂಟಿನಿಂದ ಚಷ್ಮಾ ಬಿಚ್ಚಿ ಮೂಗಿನ ಮೇಲೆ ಇಡುವಷ್ಟರಲ್ಲಿ ಆ ಹಾಳು ಫೋನಿನ ಬೆಳಕು ಆರಿಹೋಯಿತು. ತಿಕ್ಕಿದೆ, ಒತ್ತಿದೆ, ಕೊನೆಗೆ ಮೇಜಿನ ಮೇಲೆ ಕುಕ್ಕಿದೆ. "ಆಯಿ, ಅದು ಕಲ್ಲಲ್ಲ" ಎಂದಳು ಮೊಮ್ಮಗಳು. ಸ್ವಲ್ಪ ಹೊತ್ತಿಗೆ, "ಈ ಓಟಿಪಿದು ಟೈಮ್ ಮುಗೀತು" ಎಂದಳು. ಅವಳ ದನಿ ಆಗ ಮೊದಲ ಸಲ ಒಡೆಯಿತು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಗನ ಹುಟ್ಟು, ಅವನು ಹತ್ತನೇ ಪಾಸಾಗದೆ ಮನೆಯಲ್ಲಿ ಕೂತ ವರ್ಷ, ಅವನಿಗೆ ಮಗಳು ಹುಟ್ಟಿದಾಗ ಎರಡು ದಿನ ಮುಖ ಗಂಟಿಕ್ಕಿಕೊಂಡದ್ದು, ಎಲ್ಲವನ್ನೂ ಗೇಟಿನ ಎದುರು ಎತ್ತಿ ಆಡಿದೆ. ಕೊನೆಯದನ್ನು ಮೊಮ್ಮಗಳ ಎದುರು ಆಡಬಾರದಿತ್ತು. ಆದರೆ ಆಡಿದೆ. ಅವನು ತಲೆ ತಗ್ಗಿಸಿ ಕೇಳುತ್ತ ನಿಂತ. ಒಳಗಿನಿಂದ ಯಾರೋ ಅವನನ್ನು ಕರೆದರು. ಅವನು ಹೋಗಲು ತಿರುಗಿದ. ಎರಡು ಹೆಜ್ಜೆ ಹೋಗಿ ನಿಂತ.

"ಇನ್ನೊಮ್ಮಿ ಕಳಸು" ಎಂದ, ಗೇಟಿನ ಕಡೆ ಮುಖ ಮಾಡಿಕೊಂಡೇ.

ಫೋನು ಗುಂಯ್ ಎಂದಿತು. ಅವನು ಒಂದೊಂದೇ ಅಂಕಿ ಹೇಳಿದ. ಹಲ್ಲು ಕೀಳಿಸಿಕೊಳ್ಳುವವನ ಹಾಗೆ, ಒಂದರ ನಂತರ ಒಂದು ಉಸಿರು ಬಿಟ್ಟು ಹೇಳಿದ. ಹೇಳಿ ಮುಗಿಸಿ ಒಳಗೆ ಹೋದ, ತಿರುಗಿ ನೋಡಲಿಲ್ಲ. ಮೊಮ್ಮಗಳು ಪಟ್ಟಿಯ ಸಾಲುಗಳನ್ನು ಮೇಲೆ ಕೆಳಗೆ ಸರಿಸಿದಳು. ನಾನು ಅವಳಿಂದ ಗಟ್ಟಿಯಾಗಿ ಓದಿಸಿದೆ, ಮೂರು ಸಲ, ಮೇಲಿನಿಂದ. ಮೂರೂ ಸಲ ಮೊದಲು ಗಣಿ ಬಂತು.

ಖರೇ ಸೀಟು ಬಂದ ದಿನ ಮಧ್ಯಾಹ್ನ ಅವಳು ಫೋನು ನನ್ನ ಕಣ್ಣಿನ ಹತ್ತಿರ ಹಿಡಿದಳು. ಇಂಗ್ಲಿಷ್ ಅಕ್ಷರ. "ಏನದ ಹೇಳೇ, ಜೀವ ತಿನಬ್ಯಾಡ" ಎಂದು ಗದರಿದೆ. "ಗಣಿ, ಆಯಿ. ಗಣಿ." ನಾನು ಅವಳನ್ನು ಎತ್ತಿಕೊಳ್ಳಲು ಹೋದೆ. ನನಗಿಂತ ಒಂದು ಮೊಳ ಎತ್ತರದ ಹುಡುಗಿ! ಇಬ್ಬರೂ ಕಾಳಿನ ಚೀಲದ ಮೇಲೆ ಬಿದ್ದೆವು. ಬಿದ್ದಲ್ಲೇ ನಗುತ್ತಿದ್ದೆ. ನನ್ನ ನಗು ಕೇಳಿ ಸೊಸೆ ಒಲೆ ಬಿಟ್ಟು ಓಡಿಬಂದಳು, ಮುದುಕಿಗೆ ಏನೋ ಆಯಿತೆಂದು. ಆಗಿತ್ತು. ಇಷ್ಟು ವರ್ಷ ಬದುಕಿದ್ದಕ್ಕೆ ಅವತ್ತು ಒಂದು ಅರ್ಥ ಸಿಕ್ಕ ಹಾಗೆ ಆಗಿತ್ತು.

ಸಂಜೆ ಮಗ ಪಾಳಿ ಮುಗಿಸಿ ಬಂದ. ಸುದ್ದಿ ಅವನ ಫೋನಿಗೆ ಮೊದಲೇ ಬಂದಿತ್ತು. ಮುಖ ತೊಳೆದ, ಒರೆಸಿಕೊಂಡ, ಮಗಳ ಎದುರು ಕೂತ.

"ಕಾಲೇಜಿನೋರು ಗಣಿ ತೋರಸ್ಲಿಕ ಕರಕೊಂಡು ಹೋಗೂ ಮುಂದ ತಲಿಗಿ ಗಟ್ಟಿ ಟೊಪ್ಪಿಗಿ ಅವರೇ ಕೊಡ್ತಾರ, ಇಲ್ಲಾ ನಾವೇ ತಗೋಬೇಕಾ?"

ನನಗೆ ನೆತ್ತಿಗೇರಿತು. "ಆವತ್ತು ಆರು ಅಂಕಿ ಹೇಳಲಿಕ ನನ್ನ ಮಾನ ಮರ್ಯಾದಿ ಎಲ್ಲ ಗೇಟಿನ ಮುಂದ ಇಳಿಸಿದಿ! ಈಗ ಟೊಪ್ಪಿಗಿ ಕೇಳಲಿಕ ಬಂದೇನು?"

"ಬೈ ಯವ್ವಾ, ಬೈ" ಎಂದ ಅವನು, ಮಗಳ ತಲೆಯ ಸುತ್ತ ಗೇಣು ಹಾಕಿ ಅಳೆಯುತ್ತ. "ಆದ್ರ ಅಗ್ಗದ್ದು ಬ್ಯಾಡ. ನಮ್ಮ ಕಡಿ ಅಂಥವು ನೋಡೀನಿ, ಒಂದು ಕಲ್ಲಿನ ಹಳ್ಳು ಬಿದ್ರ ಸೀಳತಾವ."

ಅವಳು ತಲೆ ಅಲುಗಿಸದೆ ಕೂತಿದ್ದಳು. ನಾನು ಬೈಯುತ್ತಲೇ ಇದ್ದೆ. ಸೊಸೆ ತಾಟು ತಂದು ಮುಂದಿಟ್ಟ ಮೇಲೂ, ಬಾಯಲ್ಲಿ ತುತ್ತು ಇಟ್ಟುಕೊಂಡೇ.